ಬಾವುಟ, ಬೋರ್ಡು, ನಾಡಗೀತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಆಗಸ್ಟ್ 15, ನವೆಂಬರ್ 1, ಜನವರಿ 26. ಈ ಮೂರು ದಿನಗಳು ಹತ್ತಿರ ಬಂದ ಹಾಗೆ ಬಡಾವಣೆ, ಅಪಾರ್ಟ್‌ಮೆಂಟು, ಯುವಕ ಸಂಘಗಳಿಂದ ಬರುವ ಪ್ರಶ್ನೆಗಳೂ ಹೆಚ್ಚುತ್ತವೆ. ಹೆಚ್ಚಿನವರು ಕೇಳುವುದು ಕೈಕೆಲಸದ ಪ್ರಶ್ನೆಗಳನ್ನೇ: ಹಗ್ಗ ಹೇಗೆ ಕಟ್ಟಬೇಕು, ಯಾವುದು ಮೇಲಿರಬೇಕು, ಹಳೆಯದನ್ನು ಏನು ಮಾಡಬೇಕು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಳೆದ ಸ್ವಾತಂತ್ರ್ಯ ದಿನದಂದು ಅತಿಥಿಗಳು ಎಷ್ಟು ಎಳೆದರೂ ಬಾವುಟ ಬಿಚ್ಚಿಕೊಳ್ಳಲಿಲ್ಲ. ಅದರ ಹಿಂದಿನ ವರ್ಷ ಬಿಚ್ಚಿಕೊಂಡಿತು, ಆದರೆ ತಲೆಕೆಳಗಾಗಿತ್ತು. ಎಲ್ಲರೆದುರು ಬಹಳ ನೋವಾಯಿತು. ಕಟ್ಟುವ ಸರಿಯಾದ ಕ್ರಮ ಯಾವುದು? ಹೀಗಾದರೆ ಕೇಸು ಆಗುತ್ತದೆಯೇ?
— ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ, ಮೈಸೂರು

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971 ಇಂಥ ವಿಷಯದಲ್ಲಿ ನೋಡುವುದು ಉದ್ದೇಶವನ್ನು. ಕೇಸರಿ ಕೆಳಗೆ ಬರುವಂತೆ ‘ಉದ್ದೇಶಪೂರ್ವಕವಾಗಿ’ ಹಾರಿಸುವುದು, ‘ಉದ್ದೇಶಪೂರ್ವಕವಾಗಿ’ ನೆಲಕ್ಕೆ ತಾಗಿಸುವುದು ಅಪರಾಧ. ಶಿಕ್ಷೆ 3 ವರ್ಷಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ. ಕೈತಪ್ಪಿ ಆದದ್ದನ್ನು ಕೂಡಲೇ ಸರಿಪಡಿಸಿದರೆ ಹೆದರುವ ಕಾರಣವಿಲ್ಲ. ಯಾರಾದರೂ ಮೊಬೈಲಿನಲ್ಲಿ ಚಿತ್ರ ತೆಗೆದು ಬೆದರಿಸಿದರೆ ಈ ಮಾತನ್ನು ಅವರಿಗೂ ತಿಳಿಸಿ.

ಇನ್ನು ಕಟ್ಟುವ ಕೆಲಸ. ಇಬ್ಬರು ಬಾವುಟವನ್ನು ಸೊಂಟದ ಎತ್ತರದಲ್ಲಿ ಅಡ್ಡಲಾಗಿ ಹಿಡಿಯಿರಿ. ನೆಲದ ಮೇಲೆ ಹಾಸಬೇಡಿ, ಬೇಕಿದ್ದರೆ ಒಂದು ಶುಚಿಯಾದ ಮೇಜು ಇಟ್ಟುಕೊಳ್ಳಿ. ಮೂರು ಪಟ್ಟಿಗಳನ್ನು ಬೀಸಣಿಗೆಯ ಮಡಿಕೆಯಂತೆ ಒಂದರ ಹಿಂದೊಂದು ಮಡಿಸಿ. ಹೀಗೆ ಮಡಿಸಿದರೆ ಕೇಸರಿಯ ಅಂಚು ಒಂದು ಬದಿಗೂ ಹಸಿರಿನ ಅಂಚು ಇನ್ನೊಂದು ಬದಿಗೂ ಉಳಿಯುತ್ತದೆ. ಆಮೇಲೆ ಹಾರಾಡುವ ತುದಿಯಿಂದ ಶುರುಮಾಡಿ, ಹಗ್ಗ ಸೇರಿಸಿ ಹೊಲಿದ ಅಂಚುಪಟ್ಟಿಯ ಕಡೆಗೆ, ಒಂದು ಅಂಗೈ ಅಗಲದ ಮಡಿಕೆಗಳನ್ನು ಹಾಕುತ್ತ ಬನ್ನಿ. ಹೂವಿನ ಪಕಳೆಗಳನ್ನು ಈ ಹಂತದಲ್ಲಿ ಒಳಗಿಡಬೇಕು. ಬಾವುಟದೊಳಗೆ ಏನನ್ನೂ ಇಡಬಾರದೆಂಬ ನಿಯಮಕ್ಕೆ ಇರುವ ಒಂದೇ ವಿನಾಯಿತಿ ಇದು: ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದಂಥ ವಿಶೇಷ ದಿನಗಳಲ್ಲಿ, ಬಿಚ್ಚುವ ಮುನ್ನ, ಪಕಳೆ ಮಾತ್ರ. ಒಂದು ಬೊಗಸೆ ಸಾಕು. ಇಡೀ ಚೆಂಡುಹೂ ತುರುಕಿದರೆ ಗಂಟು ಉಬ್ಬುತ್ತದೆ. ನೀರು ಚಿಮುಕಿಸಿದ ಹೂವಾದರೆ ಬಿಳಿಯ ಮೇಲೆ ಕಲೆಯಾಗುತ್ತದೆ, ಬಟ್ಟೆ ಒಂದಕ್ಕೊಂದು ಅಂಟುತ್ತದೆ.

ಕೇಸರಿ ಬದಿಯ ತುದಿಯನ್ನು ರಾಟೆಯ ಕಡೆಗೆ ಹೋಗುವ ಹಗ್ಗಕ್ಕೆ ಕಟ್ಟಿ. ಹಸಿರು ಬದಿಯ ತುದಿಯನ್ನು ಕೆಳಗೆ ಇಳಿಬೀಳುವ ಹಗ್ಗಕ್ಕೆ ಕಟ್ಟಿ. ಇಲ್ಲೇ ಎಲ್ಲರೂ ಎಡವುವುದು, ಏಕೆಂದರೆ ಮಡಿಸಿಟ್ಟ ಗಂಟಿನಲ್ಲಿ ಎರಡು ತುದಿಗಳೂ ಒಂದೇ ಥರ ಕಾಣುತ್ತವೆ. ರಾಟೆಯ ಕಡೆಯ ಹಗ್ಗದ ತುದಿಗೆ ಶಾಶ್ವತವಾಗಿ ಒಂದು ಕೇಸರಿ ದಾರ ಸುತ್ತಿಡಿ. ತಲೆಕೆಳಗಾಗುವುದು ಅಲ್ಲಿಗೆ ನಿಲ್ಲುತ್ತದೆ.

ಈಗ ಗಂಟು. ಕೆಳಗಿನ ಹಗ್ಗದಿಂದಲೇ ಮಡಿಕೆಯ ನಡುವಿಗೆ ಎರಡು ಸುತ್ತು ಹಾಕಿ, ಮೂರನೆಯದು ಬೇಡ. ಉಳಿದ ಹಗ್ಗವನ್ನು ಜೋಡಿಯಾಗಿ ಮಡಿಚಿ, ಶೂ ಲೇಸಿನ ಕುಣಿಕೆಯಂತೆ ಮಾಡಿ, ಆ ಕುಣಿಕೆಯನ್ನು ಮಾತ್ರ ಕೊನೆಯ ಸುತ್ತಿನಡಿ ನಾಲ್ಕು ಬೆರಳಷ್ಟು ತೂರಿಸಿ. ಹಗ್ಗದ ತುದಿಯನ್ನೇ ಸುತ್ತಿನೊಳಗಿಂದ ಪೂರ್ತಿ ಎಳೆದುಬಿಟ್ಟರೆ ಅದು ನಿಜವಾದ ಗಂಟಾಗುತ್ತದೆ, ಎಳೆದಷ್ಟೂ ಬಿಗಿಯುತ್ತದೆ. ನಿಮ್ಮ ಬಾವುಟ ಬಿಚ್ಚಿಕೊಳ್ಳದಿರಲು ಬಹುಶಃ ಇದೇ ಕಾರಣ. ಎರಡನೆಯ ಸಾಧ್ಯತೆ ಹಗ್ಗದ್ದು. ಹತ್ತಿ ಹಗ್ಗ ರಾತ್ರಿಯ ಮಂಜಿಗೆ, ಆಗಸ್ಟಿನ ಜಡಿಮಳೆಗೆ ಊದಿಕೊಂಡು ರಾಟೆಯಲ್ಲಿ ಕಚ್ಚುತ್ತದೆ. ಹಾಗಾಗಿ ಹಿಂದಿನ ರಾತ್ರಿಯೇ ಕಟ್ಟಿ ಮೇಲೇರಿಸಿಡಬೇಡಿ, ಬೆಳಿಗ್ಗೆಯೇ ಕಟ್ಟಿ. ರಾಟೆಗೆ ವಾರದ ಮುಂಚೆ ಎರಡು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡಿ. ಇಲ್ಲದಿದ್ದರೆ ಬಟ್ಟೆಗೆ ತಾಗುತ್ತದೆ.

ಮೂರನೆಯ ತೊಂದರೆ ಅತಿಥಿಗಳ ಕೈಯಲ್ಲಿ. ಮೇಲೇರಿಸುವ ಹಗ್ಗವನ್ನೇ ಅವರು ಎಳೆದರೆ ಗಂಟು ಹೋಗಿ ರಾಟೆಗೆ ಸಿಕ್ಕಿಕೊಳ್ಳುತ್ತದೆ. ಬಾವುಟವನ್ನು ಮೇಲಕ್ಕೆ ತಲುಪಿಸಿದ ಮೇಲೆ ಆ ಹಗ್ಗವನ್ನು ಕಂಬದ ಕೊಕ್ಕೆಗೆ ಎಂಟರ ಆಕಾರದಲ್ಲಿ ಬಿಗಿದುಬಿಡಿ. ಬಿಚ್ಚುವ ಹಗ್ಗ ಒಂದನ್ನೇ ಅತಿಥಿಯ ಕೈಗೆ ಕೊಟ್ಟು, “ನೇರ ಕೆಳಕ್ಕೆ, ಒಂದೇ ಸಲ ಎಳೆಯಿರಿ ಸರ್” ಎಂದು ಹೇಳಿ. ಹಿಂದಿನ ದಿನ ಎದೆಯೆತ್ತರದಲ್ಲಿ ಕಟ್ಟಿ ಎರಡು ಬಾರಿ ಎಳೆದು ನೋಡಿ. ಇಷ್ಟಾಗಿಯೂ ಸಿಕ್ಕಿಕೊಂಡರೆ ಯಾರನ್ನೂ ಕಂಬ ಹತ್ತಿಸಬೇಡಿ. ನಿಧಾನವಾಗಿ ಇಳಿಸಿ, ಪೂರ್ತಿ ಬಿಚ್ಚಿ, ಬಿಚ್ಚಿದ ಬಾವುಟವನ್ನೇ ಚುರುಕಾಗಿ ಏರಿಸಿ; ರಾಷ್ಟ್ರಗೀತೆ ಆಮೇಲೆ ಶುರುವಾಗಲಿ. ‘ಚುರುಕಾಗಿ ಏರಿಸು, ನಿಧಾನವಾಗಿ ಇಳಿಸು’ ಎಂಬುದು ಧ್ವಜ ಸಂಹಿತೆಯದೇ (ರಾಷ್ಟ್ರಧ್ವಜದ ಬಳಕೆಗೆ ಕೇಂದ್ರ ಸರ್ಕಾರ ಮಾಡಿರುವ ನಿಯಮಾವಳಿ) ಮಾತು.

ನಿಜ ಹೇಳಬೇಕೆಂದರೆ ಸ್ವಾತಂತ್ರ್ಯ ದಿನಕ್ಕೆ ಈ ಗಂಟಿನ ಕಟ್ಟುಪಾಡೇ ಬೇಕಿಲ್ಲ. ದಿಲ್ಲಿಯ ವಾಡಿಕೆಯಲ್ಲಿ ಆಗಸ್ಟ್ 15ರಂದು ಬಾವುಟವನ್ನು ಕೆಳಗಿನಿಂದ ಮೇಲೇರಿಸುತ್ತಾರೆ, ಅದು ಆರೋಹಣ. ಜನವರಿ 26ರಂದು ಮೊದಲೇ ಮೇಲೆ ಕಟ್ಟಿಟ್ಟದ್ದನ್ನು ಬಿಚ್ಚುತ್ತಾರೆ, ಅದು ಅನಾವರಣ. ಚಿಕ್ಕ ಸಂಘಗಳು ಎರಡೂ ದಿನ ತೆರೆದ ಬಾವುಟವನ್ನೇ ಏರಿಸುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಕೆಡುವಂಥದ್ದು ಏನೂ ಇರುವುದಿಲ್ಲ. ಮಕ್ಕಳಿಗೂ ಏರುವ ಬಾವುಟ ಕಣ್ತುಂಬ ಕಾಣುತ್ತದೆ.

ಒಂದು ಎಚ್ಚರಿಕೆಯ ಮಾತು. ಕಬ್ಬಿಣದ ಪೈಪನ್ನು ಕಂಬ ಮಾಡಿ ನಿಲ್ಲಿಸುವಾಗ ತಲೆಯ ಮೇಲಿನ ವಿದ್ಯುತ್ ತಂತಿಗೆ ತಾಗಿ ಪ್ರಾಣ ಹೋಗುವುದುಂಟು. ಕಂಬ ಯಾವ ಕಡೆಗೆ ಬಿದ್ದರೂ ತಂತಿಗೆ ತಾಗದಷ್ಟು ದೂರದ ಜಾಗ ಆರಿಸಿ. ಪೈಪನ್ನು ಎತ್ತಿ ನಿಲ್ಲಿಸುವ ಕೆಲಸ ಹಗಲಲ್ಲೇ ಆಗಲಿ, ಮಕ್ಕಳನ್ನು ದೂರವಿಡಿ.

ಪ್ರಶ್ನೆ: ಬಾವುಟ ಎಷ್ಟು ದೊಡ್ಡದಿರಬೇಕು? ಪಾಲಿಯೆಸ್ಟರ್ ಕೊಳ್ಳಬಹುದೇ, ಖಾದಿಯೇ ಆಗಬೇಕೇ?
— ಓದುಗರು, ದಾವಣಗೆರೆ

ಉದ್ದ ಮತ್ತು ಎತ್ತರ 3:2 ಇರಲೇಬೇಕು. ಸಂಹಿತೆಯಲ್ಲಿ ಒಂಬತ್ತು ಅಳತೆಗಳಿವೆ; ಮಿಲಿಮೀಟರಿನಲ್ಲಿ 6300×4200ರಿಂದ ಹಿಡಿದು 150×100ರವರೆಗೆ. ಕೊನೆಯದು ಮೇಜಿನ ಮೇಲಿಡುವುದು. 20 ಅಡಿಯ ಕಂಬಕ್ಕೆ 1350×900 ಒಪ್ಪುತ್ತದೆ, ಮನೆಯ ಬಾಲ್ಕನಿಗೆ 900×600 ಧಾರಾಳವಾಯಿತು. ಕೊಳ್ಳುವಾಗ ಟೇಪು ಹಿಡಿದು ಅಳೆಯಿರಿ, ಚಕ್ರದ ಕಡ್ಡಿಗಳನ್ನು ಎಣಿಸಿ: 24 ಇರಬೇಕು, ಬಣ್ಣ ಕಡುನೀಲಿ, ಚಕ್ರ ಎರಡೂ ಮಗ್ಗುಲಿಗೆ ಕಾಣಬೇಕು. ರಸ್ತೆಬದಿಯಲ್ಲಿ ಸಿಗುವ ಎಷ್ಟೋ ಬಾವುಟಗಳಲ್ಲಿ ಚಕ್ರ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಪಟ್ಟಿಗಳು ಸಮ ಇರುವುದಿಲ್ಲ.

ಬಟ್ಟೆಯ ವಿಷಯ: 2021ರ ಡಿಸೆಂಬರಿನ ತಿದ್ದುಪಡಿಯ ನಂತರ ಕೈನೂಲಿನ ಜೊತೆಗೆ ಯಂತ್ರದಲ್ಲಿ ಮಾಡಿದ್ದೂ, ಪಾಲಿಯೆಸ್ಟರೂ ಸಲ್ಲುತ್ತದೆ. ಮಳೆಗಾಲದಲ್ಲಿ ಪಾಲಿಯೆಸ್ಟರ್ ಬೇಗ ಒಣಗುತ್ತದೆ ಎಂಬುದೂ ನಿಜ. ಆದರೂ ನಮ್ಮ ಮನಸ್ಸು ಖಾದಿಯ ಕಡೆಗೇ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಬ್ಯೂರೋದ ಮುದ್ರೆಯೊಂದಿಗೆ ರಾಷ್ಟ್ರಧ್ವಜ ತಯಾರಿಸುತ್ತದೆ. ನೂಲುವುದು, ನೇಯುವುದು, ಬಣ್ಣ ಕಟ್ಟುವುದು, ಚಕ್ರ ಅಚ್ಚುಹಾಕುವುದು, ಹೊಲಿಯುವುದು, ಕೊನೆಗೆ ಹಗ್ಗ ಮತ್ತು ಮರದ ಗುಂಡು ಸೇರಿಸುವುದು, ಎಲ್ಲ ಹಂತಗಳಲ್ಲೂ ಹೆಣ್ಣುಮಕ್ಕಳ ಕೈಗಳೇ ಹೆಚ್ಚು ಕಾಣುತ್ತವೆ. ವರ್ಷಕ್ಕೆರಡು ದಿನ ಹಾರಿಸುವ ಸಂಘಕ್ಕೆ ಒಂದು ಒಳ್ಳೆಯ ಖಾದಿ ಬಾವುಟ ಹಲವು ವರ್ಷ ಬರುತ್ತದೆ.

ಪ್ಲಾಸ್ಟಿಕ್ ಬಾವುಟ ಬೇಡವೇ ಬೇಡ. 2022ರ ಜುಲೈ 1ರಿಂದ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳಲ್ಲಿ ಅದೂ ಒಂದು.

ಪ್ರಶ್ನೆ: ಮನೆಯ ಮೇಲೆ ರಾತ್ರಿಯೂ ಬಿಡಬಹುದೇ?
— ಗೃಹಿಣಿ, ಶಿವಮೊಗ್ಗ

ಬಿಡಬಹುದು. 2022ರ ಜುಲೈನ ತಿದ್ದುಪಡಿಯ ಪ್ರಕಾರ ಬಯಲಿನಲ್ಲಿ ಅಥವಾ ಸಾರ್ವಜನಿಕರ ಮನೆಯ ಮೇಲೆ ಹಗಲು ರಾತ್ರಿ ಹಾರಿಸಲು ಅವಕಾಶವಿದೆ. ಗೌರವದಿಂದ ರಾಷ್ಟ್ರಧ್ವಜ ಹಾರಿಸುವುದು ನಾಗರಿಕರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ನವೀನ್ ಜಿಂದಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಹರಿದ, ಮಾಸಿದ ಬಾವುಟ ಹಾರಬಾರದು. ಮಲೆನಾಡಿನ ಗಾಳಿಮಳೆಗೆ ಮೊದಲು ಬಿಚ್ಚಿಹೋಗುವುದು ಹಾರಾಡುವ ತುದಿಯ ಹೊಲಿಗೆ. ದಿನಕ್ಕೊಮ್ಮೆ ಕಣ್ಣು ಹಾಯಿಸಿ. ನೋಡಿಕೊಳ್ಳುವವರು ಇಲ್ಲದ ದಿನ ಇಳಿಸಿಡಿ. ಊರಿಗೆ ಹೋಗುವಾಗ ಬಾಲ್ಕನಿಯಲ್ಲಿ ಬಿಟ್ಟು ಹೋಗಬೇಡಿ.

ಎತ್ತಿಡುವಾಗ ಕೇಸರಿ, ಹಸಿರು ಎರಡನ್ನೂ ಬಿಳಿಯ ಅಡಿಗೆ ಮಡಿಸಿ. ಆಮೇಲೆ ಎರಡೂ ಬದಿಯಿಂದ ಒಳಕ್ಕೆ ಮಡಿಸುತ್ತ ಬಂದರೆ ಚಕ್ರ ಮೇಲೆ ಉಳಿಯುತ್ತದೆ. ಒದ್ದೆಯಿದ್ದಾಗ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಖಾದಿಯನ್ನು ತಣ್ಣೀರಿನಲ್ಲಿ ಬೇರೆಯಾಗಿ ಅದ್ದಿ, ಹಿಂಡದೆ, ನೆರಳಿನಲ್ಲಿ ಒಣಗಿಸಿ. ನೆನೆಹಾಕಿದರೆ ಬಣ್ಣ ಬಿಳಿಗೆ ಇಳಿಯುತ್ತದೆ.

ಪ್ರಶ್ನೆ: ರಾಜ್ಯೋತ್ಸವಕ್ಕೆ ಒಂದೇ ಕಂಬದಲ್ಲಿ ಮೇಲೆ ತ್ರಿವರ್ಣ, ಕೆಳಗೆ ಕನ್ನಡ ಬಾವುಟ ಕಟ್ಟಿದರೆ ತಪ್ಪೇ? ಕನ್ನಡ ಬಾವುಟದಲ್ಲಿ ಯಾವ ಬಣ್ಣ ಮೇಲೆ?
— ಆಟೋ ಚಾಲಕರ ಸಂಘ, ಬೆಂಗಳೂರು

ಒಂದೇ ಕಂಬದಲ್ಲಿ ಕಟ್ಟುವಂತಿಲ್ಲ. ರಾಷ್ಟ್ರಧ್ವಜದ ಜೊತೆಗೆ ಅದೇ ಕಂಬದಲ್ಲಿ ಬೇರೆ ಯಾವ ಬಾವುಟವೂ ಇರಬಾರದು. ಅದಕ್ಕಿಂತ ಎತ್ತರದಲ್ಲಾಗಲಿ, ಸರಿಸಮವಾಗಿ ಪಕ್ಕದಲ್ಲಾಗಲಿ ಇರಬಾರದು. ಕಂಬದ ತುದಿಗೆ ಹೂಮಾಲೆ ಕಟ್ಟುವುದೂ ಸಲ್ಲ. ಅದಕ್ಕೇ ನವೆಂಬರ್ 1ರಂದು ನಿಲ್ದಾಣದಲ್ಲಿ ಕನ್ನಡ ಬಾವುಟವೊಂದನ್ನೇ ಹಾರಿಸುವುದು ಸುಲಭದ ದಾರಿ. ಎರಡೂ ಬೇಕೆಂದರೆ ಬೇರೆ ಬೇರೆ ಕಂಬ ಹಾಕಿ, ಕನ್ನಡದ ಕಂಬವನ್ನು ಸಾಕಷ್ಟು ದೂರದಲ್ಲಿ, ತಗ್ಗಾಗಿ ನಿಲ್ಲಿಸಿ.

ಅರಿಶಿನ ಮೇಲೆ, ಕುಂಕುಮ ಕೆಳಗೆ. ಹಣೆಯ ಕುಂಕುಮ ಮೇಲಲ್ಲವೇ ಎಂದುಕೊಂಡು ಕೆಂಪನ್ನು ಮೇಲೆ ಕಟ್ಟುವವರಿದ್ದಾರೆ, ಅದು ತಪ್ಪು. ಈ ಬಾವುಟವನ್ನು 1960ರ ದಶಕದಲ್ಲಿ ಕೊಟ್ಟವರು ಕನ್ನಡ ಹೋರಾಟಗಾರ, ಪತ್ರಕರ್ತ ಮ. ರಾಮಮೂರ್ತಿಯವರು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರಲ್ಲಿ ರಾಜ್ಯ ಲಾಂಛನವಿರುವ ಹಳದಿ, ಬಿಳಿ, ಕೆಂಪಿನ ನಾಡಧ್ವಜವನ್ನು ಅನಾವರಣ ಮಾಡಿ ಕೇಂದ್ರಕ್ಕೆ ಕಳುಹಿಸಿತು. ಜನರ ಕೈಯಲ್ಲಿ ಇಂದಿಗೂ ಉಳಿದಿರುವುದು ಎರಡು ಬಣ್ಣದ್ದೇ. ನೀವು ಅದನ್ನೇ ಕಟ್ಟಿ.

ಕನ್ನಡ ಬಾವುಟಕ್ಕೆ ಧ್ವಜ ಸಂಹಿತೆಯಂಥ ನಿಯಮಾವಳಿ ಇಲ್ಲ. ಅದೇ ಕಾರಣಕ್ಕೆ ಅದರ ಸ್ಥಿತಿ ಕೆಲವೆಡೆ ಹೊಟ್ಟೆ ಉರಿಸುತ್ತದೆ. ನವೆಂಬರಿನಲ್ಲಿ ಕಟ್ಟಿದ ಬಾವುಟ ಮುಂದಿನ ಯುಗಾದಿಗೂ ಚಿಂದಿಯಾಗಿ ಅದೇ ಕಂಬದಲ್ಲಿ ನೇತಾಡುತ್ತಿರುತ್ತದೆ, ಕೆಂಪು ಬಿಸಿಲಿಗೆ ಬಿಳಿಚಿ ಯಾವ ಬಣ್ಣವೆಂದೇ ತಿಳಿಯುವುದಿಲ್ಲ. ಕಟ್ಟುವ ದಿನವೇ ಇಳಿಸುವ ದಿನವನ್ನೂ, ಇಳಿಸುವವರ ಹೆಸರನ್ನೂ ಸಂಘದ ಪುಸ್ತಕದಲ್ಲಿ ಬರೆದಿಡಿ. ನವೆಂಬರ್ 30 ಆದರೆ ತಿಂಗಳಿಡೀ ಹಬ್ಬವೂ ಆಯಿತು.

ಪ್ರಶ್ನೆ: ಹಳೆಯ ಬಾವುಟಗಳ ಒಂದು ಕಟ್ಟೇ ನಮ್ಮ ಕಚೇರಿಯಲ್ಲಿದೆ. ಏನು ಮಾಡುವುದು?
— ಯುವಕ ಸಂಘ, ಹಾಸನ

ಹರಿದು ಬಳಕೆಗೆ ಬಾರದ ಬಾವುಟವನ್ನು ತುಂಡು ಮಾಡದೆ, ಪೂರ್ತಿಯಾಗಿ, ಖಾಸಗಿಯಾಗಿ ವಿಲೇವಾರಿ ಮಾಡಬೇಕು. ಸುಡುವುದು ಮೇಲು ಎನ್ನುತ್ತದೆ ಸಂಹಿತೆ, ಘನತೆಗೆ ಕುಂದಾಗದ ಬೇರೆ ವಿಧಾನಕ್ಕೂ ಒಪ್ಪಿಗೆಯಿದೆ. ಖಾದಿಯಾದರೆ ಮಡಿಸಿ, ಆಗಲೇ ಚೆನ್ನಾಗಿ ಹತ್ತಿಕೊಂಡ ಕೆಂಡದ ಮೇಲಿಟ್ಟು, ಬೂದಿಯಾಗುವವರೆಗೆ ಅಲ್ಲೇ ಇದ್ದು, ಬೂದಿಯನ್ನು ಮಣ್ಣಿಗೆ ಸೇರಿಸಿ. ಪಾಲಿಯೆಸ್ಟರನ್ನು ಸುಡಬೇಡಿ. ಅದು ಕರಗಿ ಮುದ್ದೆಯಾಗುತ್ತದೆ, ಹೊಗೆ ಕೆಟ್ಟದ್ದು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಕಡೆ ಎರಡಡಿ ಆಳಕ್ಕೆ ಹೂಳುವುದು ವಾಸಿ. ವಿಡಿಯೋ ಮಾಡಬೇಡಿ, ಹಂಚಬೇಡಿ. ‘ಖಾಸಗಿಯಾಗಿ’ ಎಂಬ ಮಾತಿಗೆ ಅರ್ಥ ಅದೇ.

ಮಕ್ಕಳ ಕೈಯ ಕಾಗದದ ಬಾವುಟಗಳಿಗೂ ಇದೇ ನಿಯಮ. ಕಾರ್ಯಕ್ರಮ ಮುಗಿಯುತ್ತಿದ್ದಂತೆ ಬಾಗಿಲಲ್ಲಿ ಒಂದು ಶುಚಿಯಾದ ಬುಟ್ಟಿ ಇಟ್ಟು, ಇಬ್ಬರು ದೊಡ್ಡ ಮಕ್ಕಳನ್ನು ನಿಲ್ಲಿಸಿ. ಸಿಹಿ ಹಂಚುವುದೂ ಅದೇ ಬಾಗಿಲಲ್ಲಾದರೆ ಒಂದು ಬಾವುಟವೂ ನೆಲಕ್ಕೆ ಬೀಳುವುದಿಲ್ಲ.

ಪ್ರಶ್ನೆ: ನಾಡಗೀತೆ, ರಾಷ್ಟ್ರಗೀತೆ ಯಾವುದು ಮೊದಲು? ನಮ್ಮಲ್ಲಿ ಒಬ್ಬರು ನಿಲ್ಲುತ್ತಾರೆ, ಆದರೆ ಹಾಡುವುದಿಲ್ಲ. ಕೆಲವರಿಗೆ ಇದು ಸರಿಬರುತ್ತಿಲ್ಲ.
— ಅಪಾರ್ಟ್‌ಮೆಂಟ್ ಸಮಿತಿ ಸದಸ್ಯೆ, ಮಂಗಳೂರು

ಧ್ವಜಾರೋಹಣವಿದ್ದರೆ ಬಾವುಟ ಏರಿದ ಕೂಡಲೇ ರಾಷ್ಟ್ರಗೀತೆ. ಸಭಾ ಕಾರ್ಯಕ್ರಮವಾದರೆ ಆರಂಭಕ್ಕೆ ನಾಡಗೀತೆ, ಮುಕ್ತಾಯಕ್ಕೆ ರಾಷ್ಟ್ರಗೀತೆ ಎಂಬುದು ನಮ್ಮ ಕಡೆಯ ವಾಡಿಕೆ. ರಾಷ್ಟ್ರಗೀತೆಯ ಪೂರ್ಣಪಾಠಕ್ಕೆ ಸುಮಾರು 52 ಸೆಕೆಂಡು. ಒಂದು ನಿಮಿಷ ದಾಟಿದರೆ ಎಳೆದು ಹಾಡುತ್ತಿದ್ದೀರಿ ಎಂದರ್ಥ. ಕುವೆಂಪು ಅವರ ನಾಡಗೀತೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಮಿತಿಯನ್ನೂ ಗೊತ್ತುಮಾಡಿದೆ. ಎರಡು ಧಾಟಿ ಕಲಿತವರು ಒಟ್ಟಿಗೆ ಹಾಡಿದರೆ ಎರಡನೆಯ ಸಾಲಿಗೇ ತಾಳ ತಪ್ಪುತ್ತದೆ. ಹಿಂದಿನ ದಿನ ಹತ್ತು ನಿಮಿಷ ಅಭ್ಯಾಸ ಮಾಡಿ. ಶ್ರುತಿ ತಗ್ಗಿಸಿ ಶುರುಮಾಡಿ, ಇಲ್ಲದಿದ್ದರೆ ಗಂಡಸರ ದನಿ ಮೇಲಿನ ಸ್ವರಕ್ಕೆ ಏರಲಾರದೆ ಅರ್ಧದಲ್ಲೇ ನಿಂತುಬಿಡುತ್ತದೆ.

ಹಾಡದವರ ಬಗ್ಗೆ: ಗೌರವದಿಂದ ಎದ್ದುನಿಂತರೆ ಸಾಕು, ಹಾಡದಿರುವುದು ಅಪರಾಧವಲ್ಲ. ಕೇರಳದ ಮೂವರು ಮಕ್ಕಳನ್ನು ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಿದಾಗ, ಅವರನ್ನು ಮರಳಿ ಸೇರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಪು ಕೊಟ್ಟಿತು. ನಿಮ್ಮ ನೆರೆಯವರು ಬೆಳಿಗ್ಗೆ ಎದ್ದು ಬಂದು ಎಲ್ಲರೊಂದಿಗೆ ನಿಲ್ಲುತ್ತಿದ್ದಾರೆ. ಅವರ ತುಟಿಗಳನ್ನು ನೋಡುತ್ತ ನಿಲ್ಲುವುದು ಯಾರಿಗೂ ಶೋಭೆಯಲ್ಲ. ದಯವಿಟ್ಟು ಈ ಮಾತನ್ನು ಸಮಿತಿಯಲ್ಲಿ ಹೇಳಿ. ಮಂಡಿನೋವಿನ ಹಿರಿಯರು ಕುಳಿತಿದ್ದರೆ ಅದರ ಬಗ್ಗೆ ಮಾತೇ ಬೇಡ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಏಳೆಂಟು ಭಾಷೆಯವರಿದ್ದಾರೆ. ನೋಟಿಸು ಯಾವ ಭಾಷೆಯಲ್ಲಿರಬೇಕು ಎಂದು ಪ್ರತಿ ಸಭೆಯಲ್ಲೂ ಜಗಳ. “ಹಿಂದಿ ರಾಷ್ಟ್ರಭಾಷೆ, ಅದೊಂದೇ ಸಾಕು” ಎನ್ನುತ್ತಾರೆ ಒಬ್ಬರು.
— ಸಮಿತಿ ಅಧ್ಯಕ್ಷರು, ಬೆಂಗಳೂರು

ಭಾರತದ ಸಂವಿಧಾನದಲ್ಲಿ ‘ರಾಷ್ಟ್ರಭಾಷೆ’ ಎಂದು ಯಾವುದನ್ನೂ ಹೆಸರಿಸಿಲ್ಲ. 343ನೇ ವಿಧಿ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆ ಎನ್ನುತ್ತದೆ. 345ನೇ ವಿಧಿ ರಾಜ್ಯಗಳಿಗೆ ತಮ್ಮ ಆಡಳಿತ ಭಾಷೆ ಆರಿಸುವ ಅಧಿಕಾರ ಕೊಡುತ್ತದೆ, ಕರ್ನಾಟಕ 1963ರ ಕಾಯ್ದೆಯ ಮೂಲಕ ಕನ್ನಡವನ್ನು ಆರಿಸಿಕೊಂಡಿದೆ. ಎಂಟನೇ ಅನುಸೂಚಿಯಲ್ಲಿ 22 ಭಾಷೆಗಳಿವೆ. ಇದನ್ನು ಶಾಂತವಾಗಿ, ಒಂದೇ ಸಲ ಹೇಳಿ, ಮುಂದಿನ ವಿಷಯಕ್ಕೆ ಹೋಗಿ.

ನಮ್ಮ ಸಲಹೆ: ನೋಟಿಸಿನಲ್ಲಿ ಮೊದಲು ಕನ್ನಡ, ಕೆಳಗೆ ಇಂಗ್ಲಿಷ್. ಕಾವಲುಗಾರರು, ಕಸ ಒಯ್ಯುವವರು, ಮನೆಗೆಲಸದವರಿಗೆ ಸಂಬಂಧಿಸಿದ ಸೂಚನೆಯಾದರೆ ಅವರು ಓದಬಲ್ಲ ಭಾಷೆಯಲ್ಲಿ ಇನ್ನೊಂದು ಪ್ರತಿ. ಲಿಫ್ಟ್ ಕೆಟ್ಟಿದೆ, ನೀರು ನಿಲ್ಲುತ್ತದೆ, ಬೆಂಕಿ ಬಿದ್ದರೆ ಈ ಕಡೆ ಓಡಿ ಎಂಬಂಥವು ಎಲ್ಲರಿಗೂ ತಲುಪಲೇಬೇಕು. ಅಲ್ಲಿ ಭಾಷೆಯ ಹಠ ಬೇಡ. ಸಭೆಯಲ್ಲಿ ಚರ್ಚೆ ಯಾವ ಭಾಷೆಯಲ್ಲೇ ನಡೆಯಲಿ, ಮತಕ್ಕೆ ಹಾಕುವ ಮುನ್ನ ನಿರ್ಣಯವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗಟ್ಟಿಯಾಗಿ ಓದಿ. ಅರ್ಥವಾಗದೆ ಕೈಯೆತ್ತಿದವರೇ ಮರುದಿನ ತಕರಾರು ತೆಗೆಯುವುದು.

ಕನ್ನಡ ನೋಟಿಸು ಕೆಡುವ ಬಗೆಗಳೂ ಗೊತ್ತಿರಲಿ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿ ವಾಟ್ಸಾಪಿಗೆ ಹಾಕಿದರೆ ಬೇರೆಯವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಯೂನಿಕೋಡಿನಲ್ಲೇ ಬರೆಯಿರಿ. ಫ್ಲೆಕ್ಸ್ ಅಂಗಡಿಯ ತಂತ್ರಾಂಶದಲ್ಲಿ ಒತ್ತಕ್ಷರ ಬೇರ್ಪಟ್ಟು ಪಕ್ಕಕ್ಕೆ ಕೂರುತ್ತದೆ, ಅರ್ಕಾವತ್ತು ಜಾಗ ಬದಲಿಸುತ್ತದೆ. ಅದಕ್ಕೆ ಪದಗಳನ್ನು ಪಿಡಿಎಫ್ ಮಾಡಿ ಕೊಡಿ, ಅಚ್ಚಾಗುವ ಮುನ್ನ ಕನ್ನಡ ಓದುವವರೊಬ್ಬರು ಕಣ್ಣಾರೆ ನೋಡಲಿ. ಒತ್ತುಗಳು ಕೆಳಗಿಳಿಯುವ ಲಿಪಿ ನಮ್ಮದು, ಇಂಗ್ಲಿಷಿನ ಅಂತರವನ್ನೇ ಇಟ್ಟರೆ ಸಾಲುಗಳು ಒಂದಕ್ಕೊಂದು ತಾಗುತ್ತವೆ. ಸಾಲಿನ ಅಂತರ ಒಂದೂವರೆ ಪಟ್ಟು ಇಡಿ, ಅಕ್ಷರದ ಗಾತ್ರವನ್ನೂ ಇಂಗ್ಲಿಷಿಗಿಂತ ಒಂದೆರಡು ಪಾಯಿಂಟ್ ಹಿಗ್ಗಿಸಿ. ಯಂತ್ರಾನುವಾದವನ್ನು ಓದದೆ ಅಂಟಿಸಬೇಡಿ.

ಆವರಣದೊಳಗೆ ಅಂಗಡಿ, ಕ್ಲಿನಿಕ್ ಇದ್ದರೆ ಅವಕ್ಕೆ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಅನ್ವಯಿಸುತ್ತದೆ: ನಾಮಫಲಕದ 60 ಪ್ರತಿಶತ ಕನ್ನಡವಿರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು.

ಕನ್ನಡ ಬಾರದ ನೆರೆಯವರ ವಿಷಯ ನೀವು ಕೇಳಿಲ್ಲ, ಆದರೆ ಜಗಳದ ಬೇರು ಅಲ್ಲೂ ಇದೆ. ಅವರು ತಡವರಿಸುತ್ತ ಒಂದು ಕನ್ನಡ ವಾಕ್ಯ ಆಡಿದೊಡನೆ ನಾವು ಅವರ ಭಾಷೆಗೋ ಇಂಗ್ಲಿಷಿಗೋ ಜಿಗಿಯುತ್ತೇವೆ. ಕಲಿಕೆ ಅಲ್ಲೇ ನಿಲ್ಲುತ್ತದೆ. ಅವರು ಎಷ್ಟೇ ತಪ್ಪಾಡಲಿ, ನಿಧಾನವಾಗಿ ಕನ್ನಡದಲ್ಲೇ ಉತ್ತರಿಸಿ. ಮೊದಲು ಕಲಿಸಬೇಕಾದ್ದು ‘ನೀನು’, ‘ನೀವು’ಗಳ ಭೇದ, ‘ಬಾ’ ಮತ್ತು ‘ಬನ್ನಿ’ ಬೆರೆತರೆ ಕಾವಲುಗಾರರಿಂದ ಹಿರಿಯರವರೆಗೆ ಎಲ್ಲರ ಮನಸ್ಸೂ ನೋಯುತ್ತದೆ, ಆಡಿದವರಿಗೆ ಕಾರಣವೂ ಗೊತ್ತಾಗುವುದಿಲ್ಲ. ಆಮೇಲೆ ಗೇಟು, ಲಿಫ್ಟು, ತರಕಾರಿ, ನೀರು, ಆಟೋ ಇವುಗಳ ಸುತ್ತಲಿನ ಮೂವತ್ತು ವಾಕ್ಯಗಳನ್ನು ಒಂದು ಹಾಳೆಯಲ್ಲಿ ಬರೆದು ಲಿಫ್ಟಿನೊಳಗೆ ಅಂಟಿಸಿ, ವಾರಕ್ಕೆ ಐದರಂತೆ ಬದಲಿಸಿ.

ಪ್ರಶ್ನೆ: ತ್ರಿವರ್ಣದ ಕೇಕು, ಟೀ ಶರ್ಟು, ಕಾರಿನ ಬಾನೆಟ್ಟಿನ ಮೇಲೆ ಹೊದಿಸಿದ ಬಾವುಟ, ಇವುಗಳಲ್ಲಿ ಯಾವುದು ಸರಿ?
— ಪದವಿ ವಿದ್ಯಾರ್ಥಿಗಳು, ಧಾರವಾಡ

ಕೇಕು ಕತ್ತರಿಸುವುದು ಅಪರಾಧವಲ್ಲವೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಹೇಳಿದೆ. ಆದರೂ ಚಕ್ರದ ಮೇಲೆ ಚಾಕು ಆಡಿಸುವುದಕ್ಕೆ ಮನಸ್ಸು ಒಪ್ಪದಿದ್ದರೆ ಚಕ್ರವಿಲ್ಲದ ಕೇಕು ಮಾಡಿಸಿ. ಉಡುಪಿನಲ್ಲಿ 2005ರ ತಿದ್ದುಪಡಿಯ ನಂತರ ಸೊಂಟದಿಂದ ಮೇಲೆ, ಘನತೆಯಿಂದ ಧರಿಸಬಹುದು; ಸೊಂಟದ ಕೆಳಗೆ, ಒಳಉಡುಪು, ಕರವಸ್ತ್ರ, ದಿಂಬಿನ ಮೇಲೆ ಕೂಡದು. ವಾಹನದ ಮುಂದೆ, ಮೇಲೆ, ಬದಿಗೆ, ಹಿಂದೆ ಎಲ್ಲಿಯೂ ಹೊದಿಸುವಂತಿಲ್ಲ. ಕಾರಿಗೆ ಬಾವುಟ ಕಟ್ಟಿ ಓಡಾಡುವ ಅಧಿಕಾರ ರಾಷ್ಟ್ರಪತಿ, ರಾಜ್ಯಪಾಲರು, ಮಂತ್ರಿಗಳಂಥ ನಿರ್ದಿಷ್ಟ ಸ್ಥಾನದಲ್ಲಿರುವವರಿಗಷ್ಟೇ.

ಪ್ರಶ್ನೆ: ನಮ್ಮ ಸಂಘದ ಸ್ಥಾಪಕರು ತೀರಿಕೊಂಡಿದ್ದಾರೆ. ಬಾವುಟವನ್ನು ಅರ್ಧಕ್ಕೆ ಇಳಿಸಬಹುದೇ?
— ಓದುಗರು, ಕಲಬುರಗಿ

ರಾಷ್ಟ್ರಧ್ವಜವನ್ನು ಇಳಿಸುವಂತಿಲ್ಲ, ಅದು ಸರ್ಕಾರದ ಆದೇಶದ ಮೇಲಷ್ಟೇ ಆಗುವಂಥದ್ದು. ಸಂಘಕ್ಕೆ ತನ್ನದೇ ಬಾವುಟವಿದ್ದರೆ ಅದನ್ನು ಇಳಿಸಿ. ಇಲ್ಲದಿದ್ದರೆ ಕಂಬದಿಂದ ದೂರ, ಕಚೇರಿಯ ಒಳಗೆ ಅವರ ಭಾವಚಿತ್ರಕ್ಕೆ ಹೂವಿಟ್ಟು, ಎರಡು ನಿಮಿಷ ಮೌನವಾಗಿ ನಿಲ್ಲಿ.